ಊದಿ ತೆಗೆದ ಕಾಯಿ

ಶಾಲೆಯ ಹಳೆ ವಿದ್ಯಾರ್ಥಿಗಳು ಒಂದು ನೆನಪಿನ ಪುಸ್ತಕ ತರುತ್ತಾರಂತೆ. ಪಿ.ಟಿ. ಮಾಸ್ಟ್ರ ಬಗ್ಗೆ ನೀವೇ ಬರೆಯಬೇಕು, ಅವರ ಜೊತೆ ಅಷ್ಟು ವರ್ಷ ಏಗಿದವರು ಬೇರೆ ಯಾರೂ ಇಲ್ಲ ಎಂದು ಮನೆಗೇ ಬಂದು ಕೂತರು. ಮಾದರಿಗೆಂದು ಬೇರೊಬ್ಬ ಮಾಸ್ಟ್ರ ಬಗ್ಗೆ ಇನ್ಯಾರೋ ಬರೆದುಕೊಟ್ಟ ಲೇಖನವನ್ನು ತೋರಿಸಿದರು. ಅದರ ಮೊದಲ ಸಾಲಿನಲ್ಲೇ ‘ಅಜಾತಶತ್ರು’ ಎಂದಿತ್ತು. ನನಗೆ ನಗು ತಡೆಯಲಿಲ್ಲ. ಸತ್ತ ಮೇಲೆ ನಮ್ಮ ಊರಿನಲ್ಲಿ ಎಲ್ಲರೂ ಅಜಾತಶತ್ರುಗಳೇ. ಆದರೆ ಈ ಮನುಷ್ಯನಿಗೆ ಆ ಹೆಸರು ಕೊಟ್ಟರೆ ಅವರೇ ಎದ್ದು ಬಂದು ಹೊಡೆದುಹಾಕಿಯಾರು. ಬೈಂದೂರಿನಿಂದ ಬ್ರಹ್ಮಾವರದವರೆಗೆ ಅವರು ಮಾತು ಬಿಟ್ಟವರನ್ನೆಲ್ಲ ಒಂದು ಬಸ್ಸಿಗೆ ಹತ್ತಿಸಿದರೆ ಕಂಡಕ್ಟರನಿಗೆ ನಿಲ್ಲಲು ಜಾಗ ಸಿಗುತ್ತಿರಲಿಲ್ಲ. ಕಂಡಕ್ಟರನ ಜೊತೆಗೂ ಮಾತು ಬಿಟ್ಟಿದ್ದರು ಎನ್ನುವುದು ಬೇರೆ ವಿಷಯ.

ಹಾಗಾಗಿ ನಾನು ಕಂಡದ್ದನ್ನು ಬರೆಯುತ್ತೇನೆ. ಹಾಕುವುದು ಬಿಡುವುದು ಆ ಹುಡುಗರ ಇಷ್ಟ.

ಅವರಿಗೆ ಡ್ರಾಫ್ಟ್ಸ್ ಹುಚ್ಚು. ಕಪ್ಪು ಬಿಳಿ ಮನೆಗಳ ಮಣೆಯ ಮೇಲೆ ದುಂಡು ಕಾಯಿಗಳನ್ನು ಓರೆಯಾಗಿ ನಡೆಸುವ ಆಟ. ಎದುರಿನವರ ಕಾಯಿಯ ಆಚೆಗಿನ ಮನೆ ಖಾಲಿ ಇದ್ದರೆ ಅದರ ಮೇಲೆ ಹಾರಿ ಹೊಡೆಯಬೇಕು. ಹೊಡೆಯಬಹುದು ಎಂದಲ್ಲ, ಹೊಡೆಯಲೇಬೇಕು. ಅವರ ಅಪ್ಪ ಮುಂಬೈಯಲ್ಲಿ ಒಂದು ಹೋಟೆಲಿನ ಅಡುಗೆಮನೆಯಲ್ಲಿದ್ದವರು. ಮಧ್ಯಾಹ್ನದ ಗಿರಾಕಿ ಕಡಿಮೆಯಾದ ಮೇಲೆ ಹಡಗುಕಟ್ಟೆಯ ಕೆಲಸಗಾರರು ಅಲ್ಲಿ ಕೂತು ಆಡುತ್ತಿದ್ದರಂತೆ. ಅಪ್ಪ ಊರಿಗೆ ಬರುವಾಗ ಟ್ರಂಕಿನಲ್ಲಿ ಆ ಮಣೆಯನ್ನೂ, ಅದರ ಜೊತೆ ಅಲ್ಲಿಯ ಒಂದು ಪದ್ಧತಿಯನ್ನೂ ತಂದರು. ಹೊಡೆಯಬೇಕಾದಲ್ಲಿ ಯಾರಾದರೂ ಮರೆತು ಬೇರೆ ನಡೆ ನಡೆಸಿದರೆ, ಆ ಮರೆತ ಕಾಯಿಯನ್ನು ಎದುರಿನವರು ಎತ್ತಿ, ಬಾಯಿಯ ಹತ್ತಿರ ಹಿಡಿದು, ಫೂ ಎಂದು ಊದಿ ಮಣೆಯಿಂದ ಹೊರಗಿಡಬಹುದು. ಊದಿದ ಕಾಯಿಗೆ ಮತ್ತೆ ಒಳಗೆ ಜಾಗ ಇಲ್ಲ.

ನಾವಿಬ್ಬರೂ ಮಾಸ್ಟ್ರಾಗಿದ್ದ ಶಾಲೆಯ ಮೈದಾನ ಜೂನಿನಿಂದ ಮಳೆಗೆ ಗದ್ದೆಯಾಗುತ್ತಿತ್ತು. ಆಗ ಪಿ.ಟಿ. ಪೀರಿಯಡ್ಡು ಎಂದರೆ ಜಗುಲಿಯ ಮೇಲೆ ಡ್ರಾಫ್ಟ್ಸ್. ಮಾಸ್ಟ್ರು ಕೊರಳಿಗೆ ಸೀಟಿ ಹಾಕಿಕೊಂಡು, ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದ ಕ್ಯಾನ್ವಾಸ್ ಶೂ ಹಾಕಿಕೊಂಡು ಸಾಲುಸಾಲು ಮಣೆಗಳ ನಡುವೆ ಓಡಾಡುತ್ತಿದ್ದರು. ಮಕ್ಕಳು ತಪ್ಪು ಮಾಡಿದರೆ ಬೈಯುತ್ತಿರಲಿಲ್ಲ. ಬಗ್ಗಿ ಕಾಯಿಯನ್ನು ಎತ್ತಿ, ಬಿಸಿ ಚಾ ಮೇಲಿನ ಕೆನೆಯನ್ನು ಊದುವ ಹಾಗೆ ಮೆಲ್ಲಗೆ ಊದಿ ಆ ಮಗುವಿನ ಕೈಯಲ್ಲೇ ಇಡುತ್ತಿದ್ದರು. ಬೆತ್ತದ ಪೆಟ್ಟು ಎಷ್ಟೋ ವಾಸಿ ಇತ್ತು ಸರ್ ಎಂದು ಆ ಮಕ್ಕಳು ದೊಡ್ಡವರಾದ ಮೇಲೆ ನನ್ನ ಹತ್ತಿರ ಹೇಳಿದ್ದುಂಟು.

ಮಣೆಯ ಮೇಲೆ ಮಾತ್ರ ಊದಿದ್ದರೆ ನಾನು ಇದನ್ನೆಲ್ಲ ಬರೆಯುತ್ತಿರಲಿಲ್ಲ. ಶಾಲೆಯ ವಾರ್ಷಿಕೋತ್ಸವದಲ್ಲಿ ವಂದನಾರ್ಪಣೆ ಮಾಡುವವರು ಒಮ್ಮೆ ಅವರ ಹೆಸರನ್ನು ಬಿಟ್ಟರು. ಆಮೇಲೆ ನಿವೃತ್ತಿಯಾಗುವವರೆಗೂ ಅವರು ವಾರ್ಷಿಕೋತ್ಸವದ ದಿನ ರಜೆ ಹಾಕಿದರು. ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಕ್ಕರೆ ಇಲ್ಲದ ಚಾ ಕೇಳಿದಾಗ ಸಕ್ಕರೆ ಹಾಕಿ ತಂದರು. ಆ ಹೋಟೆಲಿನ ಮೆಟ್ಟಿಲನ್ನು ಮತ್ತೆ ಹತ್ತಲಿಲ್ಲ. ಕಾರಣ ಹೇಳುವುದಿಲ್ಲ, ಜಗಳ ಮಾಡುವುದಿಲ್ಲ, ಬೇರೆಯವರ ಹತ್ತಿರ ದೂರುವುದೂ ಇಲ್ಲ. ಆ ಮನುಷ್ಯ ಅವರ ಪಾಲಿಗೆ ಮಣೆಯ ಹೊರಗೆ, ಅಷ್ಟೇ. ಒಮ್ಮೆ ತಡೆಯಲಾರದೆ ಕೇಳಿದೆ.

“ಅಷ್ಟ್ ಸಣ್ಣದಕ್ಕೆ ಹೀಂಗ್ ಮಾಡುದಾ ಮಾರಾಯ್ರೆ?”

“ಸಣ್ಣದ್ ದೊಡ್ಡದ್ ಅಂದೇಳಿ ಇಲ್ಲೆ ಮಾಸ್ಟ್ರೆ. ಮಾಡುಕ್ ಇಪ್ಪುದನ್ನ ಮಾಡ್ಕ್. ಮರ್ತ್ರೆ ಮರ್ತದ್ದೇ.”

ಇಂಥವರ ಹತ್ತಿರ ಏನು ಮಾತಾಡುವುದು. ನಾನು ಗಣಿತ ಕಲಿಸಿದವನು, ಲೆಕ್ಕ ತಪ್ಪಿದರೂ ಕ್ರಮಕ್ಕೆ ಅಂಕ ಕೊಡುತ್ತಿದ್ದೆ. ಅವರಲ್ಲಿ ಆ ದಾಕ್ಷಿಣ್ಯವೂ ಇರಲಿಲ್ಲ.

ಆದರೂ ಯಡ್ತರೆಯಲ್ಲಿ ನಮ್ಮ ಮನೆ ಅವರ ಮನೆ ಅಕ್ಕಪಕ್ಕ. ಮದುವೆಯಾಗದ ಮನುಷ್ಯ. ಬೆಳಿಗ್ಗೆ ಅವರ ಅಂಗಳ ಗುಡಿಸುವ ಸದ್ದು ಕೇಳಿಯೇ ನಾವು ಏಳುತ್ತಿದ್ದೆವು. ನನ್ನ ಹೆಂಡತಿ ಏನಾದರೂ ವಿಶೇಷ ಮಾಡಿದರೆ ಬೇಲಿಯ ಮೇಲಿಂದ ಒಂದು ತಟ್ಟೆ ದಾಟುತ್ತಿತ್ತು. ಆ ತಟ್ಟೆ ಖಾಲಿ ಹಿಂದೆ ಬಂದದ್ದೇ ಇಲ್ಲ. ಎರಡು ಲಿಂಬೆಯಾದರೂ, ಒಂದು ಹಿಡಿ ಹರಿವೆಸೊಪ್ಪಾದರೂ ಇರುತ್ತಿತ್ತು. ಮಾಡಬೇಕಾದ್ದನ್ನು ಅವರು ಒಂದು ದಿನವೂ ಮರೆತವರಲ್ಲ. ಬೇರೆಯವರು ಮರೆತಾಗ ಸಹಿಸಲಾಗದ್ದು ಅದಕ್ಕೇ ಇರಬೇಕು.

ನಮ್ಮನ್ನು ಬಿಟ್ಟರೆ ಅವರ ಲೋಕದಲ್ಲಿ ಊದಿಸಿಕೊಳ್ಳದೆ ಉಳಿದವರು ಎಂದರೆ ಗುಲ್ವಾಡಿಗೆ ಕೊಟ್ಟ ತಂಗಿ ಮತ್ತು ಆ ತಂಗಿಯ ಮಗಳು. ಅಣ್ಣನ ಕಣ್ಣೆದುರು ಓದಿದರೆ ನಾಲ್ಕು ಅಕ್ಷರ ಗಟ್ಟಿಯಾದೀತು ಎಂದು ತಂಗಿ ಮಗಳನ್ನು ಹೈಸ್ಕೂಲಿಗೆ ಇಲ್ಲಿಯೇ ಬಿಟ್ಟಿದ್ದರು. ಹುಡುಗಿಗೆ ಜಡೆ ಹೆಣೆಯುವುದನ್ನು ಕಲಿಯಲು ಈ ಮನುಷ್ಯ ನಮ್ಮ ಮನೆಗೆ ಬಂದು, ನನ್ನ ಹೆಂಡತಿ ಹಗ್ಗದಲ್ಲಿ ಹೆಣೆದು ತೋರಿಸಿದ್ದನ್ನು ಪಾಠ ಕೇಳುವವರ ಹಾಗೆ ನೋಡಿಕೊಂಡು ಹೋದರು. ಮೊದಲ ದಿನಗಳಲ್ಲಿ ಆ ಹುಡುಗಿಯ ಒಂದು ಜಡೆ ಮೇಲೆ, ಒಂದು ಜಡೆ ಕೆಳಗೆ. ಆಮೇಲೆ ಇಡೀ ಶಾಲೆಯಲ್ಲಿ ಅಷ್ಟು ನೇರ ಬೈತಲೆ ಬೇರೆ ಯಾರದ್ದೂ ಇರಲಿಲ್ಲ. ಸಂಜೆ ಅವಳನ್ನು ಕೂರಿಸಿಕೊಂಡು ಡ್ರಾಫ್ಟ್ಸ್ ಆಡುತ್ತಿದ್ದರು. ಅವಳು ಹೊಡೆಯಲು ಮರೆತರೆ ಮಾತ್ರ ಕೈ ಮೇಲೆತ್ತಿ, ಊದದೆ, ಕೆಮ್ಮುತ್ತಿದ್ದರು. ಅವಳು ಗಡಿಬಿಡಿಯಲ್ಲಿ ಸರಿಮಾಡಿಕೊಳ್ಳುತ್ತಿದ್ದಳು. ನನಗೆ ಯಾವತ್ತೂ ಕೆಮ್ಮಲಿಲ್ಲ ಬಿಡಿ.

ಆ ಹುಡುಗಿಯ ಮದುವೆ ನಿಶ್ಚಯವಾಯಿತು. ನಮ್ಮ ಕಡೆ ಮದುವೆಗೆ ಕಾಗದ ಹಂಚಿದರೆ ಸಾಲದು. ಮನೆಗೆ ಹೋಗಬೇಕು, ಕೂರಬೇಕು, ಇಂಥ ದಿನ ಇಂಥ ಕಡೆ, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಹೇಳಬೇಕು. ಅದಕ್ಕೆ ಹೇಳಿಕೆ ಎಂದೇ ಹೆಸರು. ಹೇಳಿಕೆ ಆಗದ ಮನೆಯವರು ಮದುವೆಗೆ ಹೋಗುವುದಿಲ್ಲ. ಅದರಲ್ಲೂ ಸೋದರಮಾವನಿಗೆ ಮೊದಲ ಹೇಳಿಕೆ. ಹುಡುಗಿಯ ಕೈಹಿಡಿದು ಮಂಟಪಕ್ಕೆ ಕರೆತರುವವನು ಅವನೇ ತಾನೇ.

ಇಲ್ಲಿ ಆದದ್ದು ಏನೆಂದರೆ, ತಂಗಿ ಅಣ್ಣನಿಗೆ ಹೇಳಿಕೆ ಹೇಳಲಿಲ್ಲ. ಮರೆತದ್ದಲ್ಲ. ಸ್ವಂತ ಅಣ್ಣ, ಮುಂದೆ ನಿಂತು ಮಾಡಿಸುವವನು, ಅವನಿಗೆ ಹೇಳಿಕೆ ಹೇಳಿದರೆ ಹೊರಗಿನವನು ಎಂದ ಹಾಗಾಗುವುದಿಲ್ಲವೇ ಎಂದುಕೊಂಡರು. ದಿನಾ ಫೋನು ಮಾಡುತ್ತಿದ್ದರು. ಅಡುಗೆಯವರು ಯಾರು, ವಾಲಗ ಯಾರದ್ದು, ಎಲ್ಲ ಅಣ್ಣನನ್ನೇ ಕೇಳುತ್ತಿದ್ದರು. ಇವರೂ ಎಲ್ಲದಕ್ಕೂ ಉತ್ತರ ಹೇಳುತ್ತಿದ್ದರು. ಅಡುಗೆಯವರನ್ನು ಗೊತ್ತುಮಾಡಿದ್ದೇ ಇವರು. ಆದರೆ ಮನಸ್ಸಿನೊಳಗೆ, ತಂಗಿ ಮನೆಗೆ ಬಂದು ಹೇಳುತ್ತಾಳೆ ಎಂದು ಕಾಯುತ್ತಿದ್ದರು. ಬಾಯಿಬಿಟ್ಟು ಒಂದು ಮಾತು ಕೇಳಲಿಲ್ಲ. ಇಬ್ಬರದ್ದೂ ಪ್ರೀತಿಯೇ. ಆ ಪ್ರೀತಿಗಿಷ್ಟು ಬೆಂಕಿ ಬಿತ್ತು.

ಮದುವೆಯ ದಿನ ಬೆಳಿಗ್ಗೆ ನಾವು ಹೊರಟು ಕಾರು ನಿಲ್ಲಿಸಿಕೊಂಡು ಕರೆಯಲು ಹೋದೆವು. ಮಿಂದು, ಹೊಸ ಪಂಚೆ ಉಟ್ಟು, ಇಸ್ತ್ರಿ ಮಾಡಿದ ಅಂಗಿ ಹಾಕಿ ಜಗುಲಿಯ ಕುರ್ಚಿಯಲ್ಲಿ ಕೂತಿದ್ದರು.

“ಬನ್ನಿ, ಹೊತ್ತಾಯ್ತ್” ಎಂದೆ.

“ನೀವ್ ಹೋಯ್ನಿ. ನಂಗೆ ಹೇಳ್ಕಿ ಆಯ್ಲಿಲ್ಲೆ.”

ತಮಾಷೆ ಎಂದುಕೊಂಡೆ. ಮುಖ ನೋಡಿದ ಮೇಲೆ ತಮಾಷೆ ಅಲ್ಲ ಎಂದು ಗೊತ್ತಾಯಿತು. ನನ್ನ ಹೆಂಡತಿ ಕೈಮುಗಿದು ಕೇಳಿದಳು. ಕುರ್ಚಿ ಬಿಟ್ಟು ಏಳಲಿಲ್ಲ.

ಮದುವೆ ಬ್ರಹ್ಮಾವರದಲ್ಲಿ, ಹೆದ್ದಾರಿಯ ಬದಿಯ ದೊಡ್ಡ ಹಾಲಿನಲ್ಲಿ. ಮುಹೂರ್ತ ಹತ್ತಿರ ಬಂದಾಗ ಭಟ್ಟರು ಸೋದರಮಾವ ಎಲ್ಲಿ ಎಂದು ಕರೆದರು. ತಂಗಿ ಕಂಬದ ಮರೆಯಲ್ಲಿ ನಿಂತು ಫೋನು ಮಾಡುತ್ತಲೇ ಇದ್ದರು. ಯಡ್ತರೆಯ ಆ ಜಗುಲಿಯಲ್ಲಿ ಫೋನು ಬಡಿದುಕೊಳ್ಳುತ್ತಿದ್ದದ್ದು ನನಗೆ ಇಲ್ಲಿಂದಲೇ ಕೇಳಿಸಿದ ಹಾಗಾಗುತ್ತಿತ್ತು. ತಂಗಿಯ ಗಂಡನ ಕಡೆಯ ಒಬ್ಬರು, ತಂಗಿಗೆ ತಮ್ಮನ ವರಸೆಯವರು, ನಾನು ಕರೆದುಕೊಂಡು ಬರುತ್ತೇನೆ ಎಂದರು. ತಂಗಿ ಬೇಡ ಎಂದರು. ಹುಡುಗಿ ಒಬ್ಬಳೇ ನಡೆದು ಬಂದಳು. ಬಲಗೈಯನ್ನು ಮೈಯಿಂದ ಸ್ವಲ್ಪ ದೂರ ಹಿಡಿದುಕೊಂಡೇ ಬಂದಳು. ಆ ಕೈ ನೋಡಿ ನನಗೆ ಊಟ ಸೇರಲಿಲ್ಲ.

ಸಂಜೆ ವಾಪಸು ಬಂದಾಗಲೂ ಅದೇ ಪಂಚೆಯಲ್ಲಿ ಅದೇ ಕುರ್ಚಿಯಲ್ಲಿ ಇದ್ದರು. ಮದುವೆ ಹೇಗಾಯಿತು ಎಂದು ಕೇಳಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನೀವು ಮನುಷ್ಯರಾ, ಆ ಹೆಣ್ಣುಮಗು ನಿಮಗೆ ಏನು ಮಾಡಿತ್ತು ಎಂದು ಬೇಲಿಯ ಈಚೆಯಿಂದಲೇ ಬಾಯಿಗೆ ಬಂದದ್ದನ್ನು ಅಂದೆ. ಅವರು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ತಂಗಿಯ ಜೊತೆಗೆ ಅವತ್ತು ನನ್ನನ್ನೂ ಊದಿದರು.

ಆದರೆ ನನಗೆ ಮಾನ ಮರ್ಯಾದೆ ಕಡಿಮೆ. ಸ್ವಲ್ಪ ದಿನ ಬಿಟ್ಟು ಸಂಜೆ ಅವರ ಜಗುಲಿಗೆ ಹೋಗಿ, ಮಣೆಯನ್ನು ಎಳೆದುಕೊಂಡು, ಎರಡೂ ಕಡೆಯ ಕಾಯಿ ಜೋಡಿಸಿಟ್ಟು ಕೂತೆ. ಅವರು ಪೇಪರು ಓದುತ್ತಿದ್ದರು. ಕತ್ತಲಾದ ಮೇಲೆ ಎದ್ದು ಬಂದೆ. ಮರುದಿನವೂ ಹೋದೆ, ಅದರ ಮರುದಿನವೂ ಹೋದೆ. “ಅವ್ರ್ ಮಾತಾಡುದಿಲ್ಲೆ ಅಂದ್ರೂ ನೀವ್ ಎಂತಕ್ ಹೋಪುದ್?” ಎಂದು ಹೆಂಡತಿ ಬೈದಳು. ಎಷ್ಟು ದಿನವಾಯಿತೋ ನೆನಪಿಲ್ಲ. ಒಂದು ಸಂಜೆ ಪೇಪರು ಮಡಚಿಟ್ಟು, ಏನೂ ಆಗದವರ ಹಾಗೆ ಒಂದು ಕಾಯಿ ಮುಂದೆ ನಡೆಸಿದರು. ಊದಿದ ಕಾಯಿ ಮಣೆಯೊಳಗೆ ಬಂದದ್ದು ಅವರ ಆಯುಷ್ಯದಲ್ಲಿ ಅದೇ ಮೊದಲು ಇರಬೇಕು. ಗುಲ್ವಾಡಿಯ ಮಾತನ್ನು ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಂಗಿಯ ಫೋನು ಕೆಲವು ತಿಂಗಳು ಬರುತ್ತಿತ್ತು, ಆಮೇಲೆ ನಿಂತಿತು. ಹುಡುಗಿ ಗಂಡನ ಜೊತೆ ಮುಂಬೈಗೆ ಹೋದಳು.

ಇಬ್ಬರೂ ನಿವೃತ್ತರಾದೆವು. ಡ್ರಾಫ್ಟ್ಸಿನ ಅಂತರರಾಷ್ಟ್ರೀಯ ಆಟಕ್ಕೆ ಇನ್ನೂ ದೊಡ್ಡ ಮಣೆ, ಜಾಸ್ತಿ ಕಾಯಿ ಎಂದು ಯಾರೋ ಹೇಳಿದ್ದನ್ನು ಕೇಳಿ ಅಂಥದ್ದೊಂದು ಮಣೆಯನ್ನು ಮಾಡಿಸಿದರು. ನನ್ನನ್ನು ಕೂರಿಸಿಕೊಂಡು ಅದರಲ್ಲೂ ಪಳಗಿದರು. ಊದುವುದು ಮಾತ್ರ ಹಳೆಯ ಮಣೆಯಿಂದ ಹೊಸ ಮಣೆಗೂ ಬಂತು. ಹೀಗಿರುವಾಗ ಆ ಆಟದ ಅಂತರರಾಷ್ಟ್ರೀಯ ಚಾಂಪಿಯನ್‌ಶಿಪ್ಪೊಂದು ನಮ್ಮ ಜಿಲ್ಲೆಗೇ ಬಂತು. ಊರಿನ ಆಟಗಾರರಿಗೂ ಅವಕಾಶ ಇತ್ತು. ಸಂಘಟಕರು ಯಾರಿಂದಲೋ ಇವರ ಸುದ್ದಿ ತಿಳಿದು ಕಾರು ಮಾಡಿಕೊಂಡು ಮನೆಗೆ ಬಂದರು. ಹಣ್ಣು ತಂದಿದ್ದರು. ಜಗುಲಿಯಲ್ಲಿ ಕೂತು, ಬಾಯಾರಿಕೆಗೆ ಕೊಟ್ಟ ಆಸರಿಗೆ ಕುಡಿದು, ಸರ್ ನೀವು ಬರಲೇಬೇಕು ಎಂದು ಬಾಯಿಬಿಟ್ಟು ಹೇಳಿ ಕಾಗದ ಕೊಟ್ಟರು.

ಅವರು ಹೋದ ಮೇಲೆ ಮಾಸ್ಟ್ರು ಕನ್ನಡಕ ಹಾಕಿಕೊಂಡು ಕಾಗದ ಓದಿದರು. ನಡೆಯುವ ಸ್ಥಳದ ಸಾಲಿಗೆ ಬಂದು ಅಲ್ಲೇ ನಿಂತರು. ಬ್ರಹ್ಮಾವರದ ಅದೇ ಹಾಲು. ಕಾಗದವನ್ನು ನನ್ನ ಕೈಗೆ ಕೊಟ್ಟರು.

“ಎಂತ ಮಾಡ್ತ್ರಿ?” ಎಂದೆ.

“ಹೇಳ್ಕಿ ಆಯ್ತಲೆ. ಹೋಯ್ಕ್.”

ನಿಯಮಗಳ ಒಂದು ಪುಸ್ತಿಕೆಯನ್ನೂ ಕೊಟ್ಟು ಹೋಗಿದ್ದರು. ಅದನ್ನು ಸಾಲು ಸಾಲು ಗೆರೆ ಎಳೆದು ಓದಿದರು. ಕೊನೆಯಲ್ಲಿ, ಆಟಗಾರ ತಪ್ಪು ಮಾಡಿದರೆ ಏನು ಮಾಡಬೇಕು ಎನ್ನುವ ಪುಟಗಳಿದ್ದವು. ಅಷ್ಟನ್ನು ಮಡಚಿ ಬದಿಗಿಟ್ಟರು. ಅದನ್ನು ಓದುವುದಿಲ್ಲವೇ ಎಂದು ಕೇಳಿದ್ದಕ್ಕೆ, “ತಪ್ಪ್ ಮಾಡುವವ್ರ್ ಓದ್ಕಣ್ಲಿ” ಎಂದರು. ಕುಂದಾಪುರದ ಕಡೆಯ ಗತ್ತು ಎಂದು ನಕ್ಕೆ.

ಚಾಂಪಿಯನ್‌ಶಿಪ್ಪಿಗೆ ಹಾಲನ್ನು ಬದಲಾಯಿಸಿದ್ದರು. ವೇದಿಕೆಯ ಮಂಟಪ ಬಿಚ್ಚಿ, ಹಿಂದೆ ಬೇರೆ ಬೇರೆ ದೇಶಗಳ ಬಾವುಟ ಕಟ್ಟಿದ್ದರು. ಊಟದ ಮೇಜುಗಳ ಮೇಲೆ ಬಿಳಿ ಬಟ್ಟೆ ಹಾಸಿ ಮಣೆಗಳು, ಮಣೆಗಳ ಪಕ್ಕದಲ್ಲಿ ಗಡಿಯಾರಗಳು. ಎಲ್ಲೆಲ್ಲಿಂದಲೋ ಬಂದ ಜನ. ಸೆಕೆಗೆ ಕೆಂಪಗಾದ ಮುಖಗಳು, ಕಪ್ಪು ಮುಖಗಳು, ಉದ್ದ ಕೈಗಳು. ಮದುವೆಯ ಹಾಲಿನಲ್ಲಿ ಅಷ್ಟು ಜನ ಕೂತು ಅಷ್ಟು ಮೌನವಾಗಿರುವುದನ್ನು ನಾನು ಕಂಡದ್ದು ಅದೇ ಮೊದಲು. ಮಾಸ್ಟ್ರು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬಂದು ಸುತ್ತ ನೋಡಿದರು. ಮೆಲ್ಲಗೆ ಕೇಳಿದರು.

“ಅವ್ಳ್ ಯಾವ ಬದಿಂದ ಬಂದದ್ದ್?”

ನಾನು ಎಡಗಡೆಯ ಬಾಗಿಲನ್ನು ತೋರಿಸಿದೆ. ತಲೆ ಆಡಿಸಿ ತಮ್ಮ ಮೇಜಿಗೆ ಹೋದರು.

ಮೊದಲ ಸುತ್ತುಗಳಲ್ಲಿ ಚೆನ್ನಾಗಿಯೇ ಆಡಿದರು. ಮಧ್ಯಾಹ್ನದ ಮೇಲೆ ಅವರ ಎದುರಿಗೆ ಯಾವುದೋ ಚಳಿದೇಶದ ಹುಡುಗಿ ಬಂದು ಕೂತಳು. ತಂಗಿಯ ಮಗಳ ಪ್ರಾಯ. ಕೂದಲನ್ನು ಎರಡು ಜಡೆ ಹಾಕಿದ್ದಳು. ಹಗ್ಗದ ಈಚೆ ಮೊದಲ ಸಾಲಿನಲ್ಲಿ ನಾನಿದ್ದೆ, ಎಲ್ಲ ಕಾಣುತ್ತಿತ್ತು. ಆಟ ಬಿಗಿಯಾಗಿ ನಡೆದಿತ್ತು. ಒಂದು ಹಂತದಲ್ಲಿ ಹುಡುಗಿಗೆ ಎರಡು ದಾರಿ ಇತ್ತು. ಒಂದರಲ್ಲಿ ಕಡಿಮೆ ಕಾಯಿ ಹೊಡೆಯಬಹುದು, ಇನ್ನೊಂದರಲ್ಲಿ ಜಾಸ್ತಿ. ದೊಡ್ಡ ಮಣೆಯಲ್ಲಿ ಜಾಸ್ತಿ ಇರುವ ಕಡೆಯೇ ಹೊಡೆಯಬೇಕು. ಅವಳು ಅವಸರದಲ್ಲಿ ಕಡಿಮೆ ಇರುವ ಕಡೆ ಹೊಡೆದು ಗಡಿಯಾರ ಒತ್ತಿದಳು.

ಮಾಸ್ಟ್ರ ಕೈ ತಾನಾಗಿ ಹೋಯಿತು. ಹೊಡೆಯಬೇಕಿದ್ದ ಅವಳ ಕಾಯಿಯನ್ನು ಎತ್ತಿದರು, ಬಾಯಿಯ ಹತ್ತಿರ ಹಿಡಿದರು, ಫೂ ಎಂದು ಊದಿ ಅಂಗಿಯ ಕಿಸೆಗೆ ಹಾಕಿಕೊಂಡರು.

ಹುಡುಗಿ ಬಾಯಿ ತೆರೆದು ಕೂತಳು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಯಾರೋ ನಕ್ಕರು. ನಾನು ತಲೆಯ ಮೇಲೆ ಕೈ ಇಟ್ಟುಕೊಂಡೆ. ಹುಡುಗಿ ಕೈ ಎತ್ತಿದಳು, ತೀರ್ಪುಗಾರರು ಬಂದರು. ಹುಬ್ಬಳ್ಳಿ ಕಡೆಯ ಹೆಂಗಸು, ಸಮಾಧಾನದವರು. ವಿಷಯ ತಿಳಿದುಕೊಂಡು ಮಾಸ್ಟ್ರ ಕಿವಿಯ ಹತ್ತಿರ ಬಗ್ಗಿದರು.

“ಸರ, ಕಾಯಿ ಹಂಗ ತಗೀಲಿಕ್ಕೆ ಬರಂಗಿಲ್ರೀ. ಆಕಿ ತಪ್ಪು ಮಾಡ್ಯಾಳ, ಖರೆ. ಸರಿ ಮಾಡು ಅಂತ ಹೇಳ್ರಿ, ಇಲ್ಲಾ ಹಂಗ ಇರ್ಲಿ ಅಂತ ಬಿಡ್ರಿ. ಎರಡೂ ನಿಮ್ಮ ಕೈಯಾಗ ಐತಿ. ಹೊರಗ ಹಾಕೂದು ಮಾತ್ರ ಇಲ್ರೀ.”

“ಯಾವತ್ತಿಂದ?” ಎಂದರು ಮಾಸ್ಟ್ರು.

“ಭಾಳ ಹಿಂದಿನಿಂದನೂ ಹಂಗ ಐತ್ರಿ.”

ಅವರು ಕಿಸೆಯಿಂದ ಕಾಯಿ ತೆಗೆದರು. ತಪ್ಪು ಮನೆಯಲ್ಲಿ ಇಟ್ಟರು. ಆ ಹುಡುಗಿ ಬೆರಳ ತುದಿಯಿಂದ ಅದನ್ನು ಅದರ ಮನೆಗೆ ಸರಿಸಿ, ಪರವಾಗಿಲ್ಲ ಎನ್ನುವ ಹಾಗೆ ನಕ್ಕಳು. ತೀರ್ಪುಗಾರರು ಗಡಿಯಾರ ಮತ್ತೆ ನಡೆಸಿ, ಸರಿ ಮಾಡಲೋ ಬಿಡಲೋ ಹೇಳಿ ಸರ ಎಂದು ನಿಂತರು. ಸರಿ ಮಾಡು ಎಂದಿದ್ದರೆ ಸಾಕಿತ್ತು, ಹಾಗೇ ಇರಲಿ ಎಂದಿದ್ದರೂ ಆಗುತ್ತಿತ್ತು. ಮಾಸ್ಟ್ರು ಎರಡನ್ನೂ ಹೇಳಲಿಲ್ಲ. ಮಣೆಯನ್ನು ನೋಡುತ್ತಿದ್ದವರು ತಲೆ ಎತ್ತಿ ಎಡಗಡೆಯ ಬಾಗಿಲನ್ನು ನೋಡುತ್ತಾ ಕೂತರು. ಗಡಿಯಾರದಲ್ಲಿ ಅವರ ಪಾಲಿನ ಸಮಯ ಮುಗಿಯಿತು. ಅವರು ಸೋತರೆಂದು ಬರೆದುಕೊಂಡರು.

ಉಳಿದ ಸುತ್ತುಗಳನ್ನೂ ಆಡಿದರು. ಗೆದ್ದದ್ದೂ ಇದೆ, ಸೋತದ್ದೂ ಇದೆ, ನನಗೆ ಅದು ನೆನಪಿಲ್ಲ. ಎಲ್ಲ ಮುಗಿದು ವಾಪಸು ಬರುವಾಗ ಬಸ್ಸಿನಲ್ಲಿ ಕುಂದಾಪುರದವರೆಗೂ ಕಿಟಕಿಗೆ ಮುಖಮಾಡಿ ಕೂತಿದ್ದರು. ಹೆಮ್ಮಾಡಿ ದಾಟಿದ ಮೇಲೆ ಬಾಯಿಬಿಟ್ಟರು.

“ಅಪ್ಪಯ್ಯ ಹೇಳ್ಕೊಟ್ಟದ್ದ್ ಸರಿ ಅಲ್ದಾ ಹಂಗಾರೆ?”

“ಅದ್ ಹಳೀ ಪದ್ಧತಿ ಅಷ್ಟೇ. ಆಟ ಬೇರೆ ಆಯ್ತ್” ಎಂದೆ.

“ಊದುದ್ ಇಲ್ಲೇ ಇಲ್ಲೆ ಅಂದ್ರೆ ನಾನ್ ಊದ್ದವ್ರೆಲ್ಲ ಈಗ ಎಲ್ಲಿಪ್ಪುದ್ ಮಾಸ್ಟ್ರೆ?”

ಅವರ ಕೈಯ ಮೇಲೆ ಕೈ ಇಟ್ಟೆ. ಅಷ್ಟು ವರ್ಷದ ಪರಿಚಯದಲ್ಲಿ ಅವರನ್ನು ಮುಟ್ಟಿದ್ದು ಅವತ್ತೇ.

ಮನೆಗೆ ಬಂದವರೇ ಮಡಚಿಟ್ಟಿದ್ದ ಪುಟಗಳನ್ನು ತೆಗೆದು ಓದಿದರು. ಮಾರನೆಯ ವಾರ ಒಬ್ಬರೇ ಕುಂದಾಪುರಕ್ಕೆ ಹೋಗಿ ಸೀರೆ ತಂದರು. ಸೋದರಮಾವ ಮದುಮಗಳಿಗೆ ಕೊಡಬೇಕಿದ್ದ ಸೀರೆ. ಹಸಿರು ಮೈ, ಕೆಂಪು ಅಂಚು. ನನ್ನ ಹೆಂಡತಿಗೆ ತೋರಿಸಿ, ಇದು ಆದೀತಾ ಎಂದು ಕೇಳಿದರು. ಆಮೇಲೆ ನನ್ನ ಮುಂದೆ ನಿಂತು, “ಗುಲ್ವಾಡಿಗ್ ಹೋಯ್ಕ್. ನೀವೂ ಬನ್ನಿ” ಎಂದರು. ಹೆಂಡತಿ ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದಳು.

ತಂಗಿಯ ಮನೆ ಹೊಳೆಯ ಹತ್ತಿರ. ಭಾವ ಪೇಟೆಗೆ ಹೋಗಿದ್ದರು. ತಂಗಿ ಅಂಗಳದಲ್ಲಿ ಮೆಣಸು ಒಣಹಾಕುತ್ತಿದ್ದವರು ತಲೆ ಎತ್ತಿದರು. ಅಣ್ಣನನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

“ಬನ್ನಿ ಮಾಸ್ಟ್ರೆ. ಕೂಕಣಿ.”

ಆ ಮಾತು ನನಗೆ. ಒಳಗೆ ಹೋಗಿ ಬೆಲ್ಲ ನೀರು ತಂದು ಇಬ್ಬರ ಮುಂದೆಯೂ ಇಟ್ಟರು. ಮಾಸ್ಟ್ರು ಸೀರೆಯ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ಎರಡು ಕೈಯಲ್ಲಿ ಹಿಡಿದುಕೊಂಡಿದ್ದರು. ಕೊಡಿ, ಈಗ ಕೊಡಿ ಎಂದು ನನ್ನ ಜೀವ ಹೊಡೆದುಕೊಳ್ಳುತ್ತಿತ್ತು. ಅವರು ನೀರು ಕುಡಿದು, ಲೋಟ ಕೆಳಗಿಟ್ಟು, ಶಾಲೆಯಲ್ಲಿ ಕವಾಯತಿನ ಮಾತು ಹೇಳುವವರ ಹಾಗೆ ನೇರ ಕೂತು ಹೇಳಿದರು.

“ಮದಿಗೆ ನಾನ್ ಬಪ್ಪುಕಿತ್ತ್. ಬರ್ಲಿಲ್ಲ.”

“ಹೌದ್. ಬರ್ಲಿಲ್ಲ” ಎಂದರು ತಂಗಿ.

“ತಪ್ಪ್ ಆದ್ರೆ ಸರಿ ಮಾಡ್ ಅಂಬುದೋ, ಹಾಂಗೇ ಇರ್ಲಿ ಅಂಬುದೋ ಎದ್ರಿನವ್ರ್ ಹೇಳ್ಕ್. ಅದ್ ನಿಯಮ. ತಪ್ಪ್ ನಂದ್. ಎಂತ ಮಾಡ್ಕ್, ನೀನ್ ಹೇಳ್.”

ತಂಗಿ ಕಂಬಕ್ಕೆ ಒರಗಿ ನಿಂತರು. ಮುಖ ಕೆಂಪಗಾಯಿತು.

“ಭಟ್ರ್ ಕರೀತಿದ್ರ್. ನಾನ್ ಕಂಬದ್ ಮರಿಯಂಗೆ ನಿಂತ್ಕಂಡ್ ಫೋನ್ ಮಾಡ್ತಿದ್ದೆ. ಮಗ್ಳ್ ಒಬ್ಳೇ ಬಂದ್ಳ್. ಆ ಜಾಗಕ್ಕೆ ಬೇರೆಯವ್ರನ್ನ ನಿಲ್ಸುಕ್ ನಂಗೆ ಮನಸ್ ಬರ್ಲಿಲ್ಲ. ಈಗ ನೀನ್ ನಿಯಮ ಹೇಳುಕೆ ಬಂದ್ಯಾ ಅಣ್ಣಯ್ಯ? ಹಾಂಗೇ ಇರ್ಲಿ. ಅದ್ ಹಾಂಗೇ ಇರ್ಲಿ.”

ಮಾಸ್ಟ್ರು ತಲೆ ಆಡಿಸಿದರು. ಎದ್ದರು. ಚೀಲವನ್ನು ಕಂಕುಳಲ್ಲಿ ಇಟ್ಟುಕೊಂಡು ಅಂಗಳ ದಾಟಿದರು. ನಾನು ಹಿಂದೆ ತಿರುಗಿ ನೋಡಿದೆ, ತಂಗಿ ಇನ್ನೂ ಕಂಬ ಬಿಟ್ಟು ಅಲುಗಿರಲಿಲ್ಲ. ದಾರಿಯಲ್ಲಿ ಹೇಳಿದೆ, ಇನ್ನೊಂದು ವಾರ ಬಿಟ್ಟು ಮತ್ತೆ ಬರುವ, ಸಿಟ್ಟಿನಲ್ಲಿ ಅಂದದ್ದು ಎಂದು. ಅವರು ನನ್ನನ್ನು ಮಕ್ಕಳನ್ನು ನೋಡುವ ಹಾಗೆ ನೋಡಿದರು.

“ಹೇಳುಕೆ ಅವ್ಳಿಗ್ ಹಕ್ಕ್ ಇತ್ತ್. ಹೇಳ್ದ್ಳ್. ಮತ್ತೆ ಮತ್ತೆ ಕೇಂಬುದ್ ಸರಿ ಅಲ್ಲ.”

ಆಮೇಲೆ ಅವರು ಮೆತ್ತಗಾದರು. ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಸಕ್ಕರೆ ಹಾಕಿದ ಚಾವನ್ನೇ ಕುಡಿದು ಬಂದರು. ಮಾತು ಬಿಟ್ಟಿದ್ದ ಕಂಡಕ್ಟರನ ಮಗಳ ಮದುವೆಗೆ ಹೇಳಿಕೆ ಇಲ್ಲದೆ ಹೋಗಿ ಕೊನೆಯ ಪಂಕ್ತಿಯಲ್ಲಿ ಉಂಡರು. ಹುಡುಗರು ‘ಅಜಾತಶತ್ರು’ ಎಂದು ಬರೆಯುವುದಾದರೆ ಆ ಕೆಲವು ತಿಂಗಳಿಗೆ ಮಾತ್ರ ಬರೆದುಕೊಳ್ಳಲಿ. ನನ್ನ ಜೊತೆ ಆಡುವಾಗ ನಾನು ಹೊಡೆಯಲು ಮರೆತರೆ ಕೆಮ್ಮುತ್ತಿದ್ದರು. ಆ ಕೆಮ್ಮು ಕೇಳಿ ನಾನೂ ಗಡಿಬಿಡಿಯಲ್ಲಿ ಸರಿಮಾಡಿಕೊಳ್ಳುತ್ತಿದ್ದೆ.

ಒಂದು ಬೆಳಿಗ್ಗೆ ಅಂಗಳ ಗುಡಿಸುವ ಸದ್ದು ಕೇಳಲಿಲ್ಲ. ಹೃದಯ ನಿಂತಿತ್ತು, ಮಲಗಿದಲ್ಲೇ.

ಸಾವಿಗೆ ಹೇಳಿಕೆ ಇಲ್ಲ. ಸುದ್ದಿ ಮುಟ್ಟಿದರೆ ಬರುವುದು. ಗುಲ್ವಾಡಿಗೆ ನಾನೇ ಫೋನು ಮಾಡಿದೆ. ನಮ್ಮ ಊರಿನವರು ಒಟ್ಟುಗೂಡುವ ಮೊದಲೇ ತಂಗಿ ಬಂದು ಅಣ್ಣನ ಕಾಲಿನ ಹತ್ತಿರ ಕೂತಿದ್ದರು. ಹುಡುಗಿ ಮುಂಬೈಯಿಂದ ಹೊರಟಿದ್ದಳು, ಮುಖ ನೋಡಲು ಸಿಗಲಿಲ್ಲ. ಎಲ್ಲ ಮುಗಿದು ಜನ ಕರಗಿದ ಮೇಲೆ ತಂಗಿ ಜಗುಲಿಗೆ ಬಂದರು. ಹಿಂದಿನ ದಿನ ನಾವು ಅರ್ಧಕ್ಕೆ ಬಿಟ್ಟಿದ್ದ ಆಟ ಮಣೆಯ ಮೇಲೆ ಹಾಗೆಯೇ ಇತ್ತು. ಅದರ ಪಕ್ಕದಲ್ಲಿ ಕೂತರು.

“ಮಾಸ್ಟ್ರೆ, ಅವತ್ತ್ ಹಾಂಗೇ ಇರ್ಲಿ ಅಂದೆ. ಸಿಟ್ಟಂಗೆ ಅಂದದ್ದ್. ಅಷ್ಟ್ ವರ್ಷದ್ ಸಿಟ್ಟ್, ಒಂದ್ ಸಲಕ್ಕೆ ಹೋತ್ತಾ? ಇನ್ನೊಂದ್ ಸಲ ಬತ್ತ ಅಂದ್ಕಂಡಿದ್ದೆ. ಪ್ರತೀ ಆದಿತ್ಯವಾರ ಒಂದ್ ಹಿಡಿ ಅಕ್ಕಿ ಜಾಸ್ತಿ ಹಾಕ್ತಿದ್ದೆ.”

“ಎರಡನೇ ಸಲ ಬಪ್ಪುದ್ ಅವ್ರಿಗೆ ಗೊತ್ತಿರ್ಲಿಲ್ಲಮ್ಮ” ಎಂದೆ.

ಅವರು ಮಣೆಯ ಮೇಲಿನ ಒಂದು ಕಾಯಿಯನ್ನು ಬೆರಳಿನಿಂದ ಮುಟ್ಟಿ ಕೇಳಿದರು.

“ಅವತ್ತ್ ಮಡಿಲಂಗೆ ಒಂದ್ ಚೀಲ ಹಿಡ್ಕಂಡಿದ್ದ. ಎಂತ ಇದ್ದಿತ್ತ್ ಅದ್ರಂಗೆ?”

“ಸೀರೆ. ಮಗಳಿಗೆ ತಂದದ್ದ್. ಈಗ್ಲೂ ಕಪಾಟಂಗೇ ಇತ್ತ್.”

“ಎಂತ ಬಣ್ಣ?”

“ಹಸ್ರ್. ಕೆಂಪ್ ಅಂಚ್.”

“ಹಸ್ರ್ ಅಂದ್ರೆ ಅವ್ಳಿಗ್ ಸಣ್ಣ ಪ್ರಾಯದಿಂದ್ಲೂ ಇಷ್ಟ” ಎಂದರು ತಂಗಿ. ಸೆರಗಿನಿಂದ ಮುಖ ಒರೆಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ನಾನೇ ಉತ್ತರ ಕೊಡಬೇಕಾದವನು ಎಂಬಂತೆ ಕೇಳಿದರು.

“ಸೀರೆ ತಂದಿದ್ದೆ ಅಂದೇಳಿ ಬಾಯ್ ಬಿಟ್ಟ್ ಒಂದ್ ಮಾತ್ ಹೇಳುಕೆ ಎಂತ ಆಯ್ತಿತ್ ಮಾಸ್ಟ್ರೆ ಅವಂಗೆ?”